ತಲೆಯ ಮೇಲೆ ಯಂತ್ರ ಹೊತ್ತ ಫ್ರಿಜ್

ಫ್ರಿಜ್ ಯಾವುದೇ ಇರಲಿ, ಕೆಟ್ಟಿದೆ ಎಂದು ಮೆಕ್ಯಾನಿಕ್ಕನ್ನು ಕರೆಸಿದರೆ ಬರುವ ಮೊದಲ ಮಾತು ಒಂದೇ: ‘ಗ್ಯಾಸ್ ಹೋಗಿದೆ, ತುಂಬಿಸಿದ್ರೆ ಸರಿಹೋಗತ್ತೆ.’ ಈ ಮಾತು ನಂಬಿ ಮಾನಿಟರ್ ಟಾಪ್ ಎಂಬ ತೊಂಬತ್ತು ವರ್ಷ ಹಳೆಯ ಅಮೆರಿಕದ ಫ್ರಿಜ್ಜಿನ ಪೈಪಿಗೆ ಕಟರ್ ಹಾಕಿದಿರೋ, ಅಲ್ಲಿಗೆ ಅದರ ಆಯಸ್ಸು ಮುಗಿದಂತೆ. ಇವುಗಳಲ್ಲಿ ಗ್ಯಾಸ್ ಸಾಮಾನ್ಯವಾಗಿ ಎಲ್ಲೂ ಹೋಗಿರುವುದಿಲ್ಲ. ಹೋಗಿರುವುದು ಬಾಗಿಲಿನ ರಬ್ಬರು, ವೈರಿನ ಇನ್ಸುಲೇಷನ್, ಸ್ಟಾರ್ಟಿಂಗ್ ರಿಲೇ, ಇಲ್ಲವೇ ಮಲಗಿಸಿ ಸಾಗಿಸಿದ್ದರಿಂದ ಒಳಗಿನ ಎಣ್ಣೆ ಇರಬೇಕಾದ ಜಾಗ ಬಿಟ್ಟಿರುತ್ತದೆ.

ಜನರಲ್ ಎಲೆಕ್ಟ್ರಿಕ್ ಕಂಪನಿ ಈ ಫ್ರಿಜ್ಜನ್ನು 1927ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಎಂಜಿನಿಯರ್ ಕ್ರಿಶ್ಚಿಯನ್ ಸ್ಟೀನ್‌ಸ್ಟ್ರಪ್. ಕಾಲುಗಳ ಮೇಲೆ ನಿಂತ ಪೆಟ್ಟಿಗೆ, ನೆತ್ತಿಯ ಮೇಲೆ ದುಂಡನೆಯ ಕಂಪ್ರೆಸರ್, ಅದರ ಸುತ್ತ ಬಿಸಿ ಹೊರಬಿಟ್ಟು ಗ್ಯಾಸನ್ನು ದ್ರವ ಮಾಡುವ ಕಂಡೆನ್ಸರ್ ಸುರುಳಿ. ಅಮೆರಿಕದ ಅಂತರ್ಯುದ್ಧದಲ್ಲಿ 1862ರಲ್ಲಿ ಹೋರಾಡಿದ ಮಾನಿಟರ್ ಎಂಬ ಕಬ್ಬಿಣದ ಹೊದಿಕೆಯ ಹಡಗಿನ ಫಿರಂಗಿ ಗೋಪುರದಂತೆ ಕಂಡಿದ್ದರಿಂದ ಜನ ಇಟ್ಟ ಹೆಸರು ಮಾನಿಟರ್ ಟಾಪ್. 1931ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿದ್ದವು. ಆ ಹತ್ತು ಲಕ್ಷನೆಯದನ್ನು ಹೆನ್ರಿ ಫೋರ್ಡ್‌ಗೆ ಕೊಟ್ಟರು. ಇಷ್ಟೊಂದು ತಯಾರಾದದ್ದರಿಂದಲೇ ಇಂದಿಗೂ ಅಮೆರಿಕದ ಹಳ್ಳಿಮನೆಗಳ ನೆಲಮಾಳಿಗೆಗಳಿಂದ ಇವು ಹೊರಬರುತ್ತಲೇ ಇವೆ.

ಉಳಿದುಕೊಂಡದ್ದಕ್ಕೆ ಇನ್ನೂ ಒಂದು ಕಾರಣವಿದೆ. ಆ ಕಾಲದ ಬೇರೆ ಫ್ರಿಜ್‌ಗಳಲ್ಲಿ ಮೋಟರ್ ಹೊರಗೆ, ಕಂಪ್ರೆಸರ್ ಬೇರೆ, ನಡುವೆ ಬೆಲ್ಟು. ಕಂಪ್ರೆಸರಿನ ಶಾಫ್ಟ್ ಹೊರಬರುವ ಜಾಗದ ಸೀಲು ಸವೆದು ಗ್ಯಾಸ್ ಸೋರುತ್ತಿತ್ತು. ಮಾನಿಟರ್ ಟಾಪಿನಲ್ಲಿ ಮೋಟರೂ ಕಂಪ್ರೆಸರೂ ಒಂದೇ ಮುಚ್ಚಿದ ಉಕ್ಕಿನ ಡಬ್ಬಿಯೊಳಗೆ. ಹೊರಬರುವ ಶಾಫ್ಟೇ ಇಲ್ಲದ ಮೇಲೆ ಸೋರುವ ಸೀಲೂ ಇಲ್ಲ. ಆ ಡಬ್ಬಿಯನ್ನು ಮುಟ್ಟದಿರುವುದೇ ಇದರ ದುರಸ್ತಿಯ ಅರ್ಧ ಭಾಗ.

ಕೊಳ್ಳುವ ಮೊದಲು ನೇಮ್‌ಪ್ಲೇಟ್ ಓದಿ. ಯೂನಿಟ್ಟಿನ ಮಾದರಿ ಸಂಖ್ಯೆ ಡಿಆರ್ ಅಥವಾ ಸಿಕೆ ಎಂದು ಶುರುವಾದರೆ ಒಳಗಿರುವ ಗ್ಯಾಸ್ ಸಲ್ಫರ್ ಡೈಆಕ್ಸೈಡ್. ಸಿಎ ಎಂದಿದ್ದರೆ ಮೀಥೈಲ್ ಫಾರ್ಮೇಟ್. ಎರಡರ ಸ್ವಭಾವವೂ ಪೂರಾ ಬೇರೆ.

ಸಲ್ಫರ್ ಡೈಆಕ್ಸೈಡ್ ವಿಷಾನಿಲ, ಆದರೆ ಕಳ್ಳತನದಿಂದ ಬರುವಂಥದ್ದಲ್ಲ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹತ್ತುವ ಆ ಘಾಟೇ ಇದು. ಕಬ್ಬಿನ ಹಾಲನ್ನು ಗಂಧಕದ ಹೊಗೆಯಿಂದ ಶುದ್ಧಿ ಮಾಡುವ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಓಡಾಡಿದವರಿಗೆ ಪರಿಚಯ ಹೇಳಬೇಕಿಲ್ಲ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಇದ್ದರೆ ಮೂಗು ಹಿಡಿಯುತ್ತದೆ. 100 ಪಾಲು ಮುಟ್ಟಿದರೆ ಜೀವಕ್ಕೇ ಅಪಾಯ. ಅಷ್ಟರೊಳಗೆ ಕಣ್ಣು, ಗಂಟಲು ಉರಿದು ನೀವೇ ಹೊರಗೆ ಓಡಿರುತ್ತೀರಿ. ಆದರೆ ಮಲಗಿ ನಿದ್ರಿಸುತ್ತಿರುವವರು, ಹಾಸಿಗೆ ಹಿಡಿದವರು ಓಡಲಾರರು. ಮಲಗುವ ಕೋಣೆಯಲ್ಲಿ ಇದನ್ನು ಇಡಬೇಡಿ.

ಸೋರಿಕೆ ಎಲ್ಲಿದೆ ಎಂದು ನೋಡುವ ಹಳೆಯ ಉಪಾಯ ಈಗಲೂ ಅತ್ಯುತ್ತಮ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅಮೋನಿಯಾ ದ್ರಾವಣದಲ್ಲಿ ಅದ್ದಿ, ಬೆಸುಗೆಗಳ ಬಳಿ, ಪೈಪಿನ ಕೂಡುಗಳ ಬಳಿ ಮೆಲ್ಲಗೆ ಆಡಿಸಿ. ಸೋರುತ್ತಿದ್ದರೆ ಅಗರಬತ್ತಿಯಷ್ಟು ಸ್ಪಷ್ಟವಾಗಿ ಬಿಳಿ ಹೊಗೆ ಏಳುತ್ತದೆ. ಇದನ್ನು ಮಾರುವವರ ಮನೆಯಲ್ಲೇ, ದುಡ್ಡು ಕೊಡುವ ಮೊದಲೇ ಮಾಡಿ.

ಮೀಥೈಲ್ ಫಾರ್ಮೇಟಿನ ಕತೆ ತಲೆಕೆಳಗು. ಅದು ಕುದಿಯುವುದೇ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂದರೆ ತಂಪು ಕೋಣೆಯಲ್ಲಿ ಸುಮ್ಮನೆ ನಿಂತ ಸಿಎ ಯೂನಿಟ್ಟಿನ ಒಳಗೆ ಒತ್ತಡ ಹೊರಗಿಗಿಂತ ಕಡಿಮೆ. ತೂತು ಬಿದ್ದರೆ ಗ್ಯಾಸ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ವಾಸನೆ ಬರಲಿಲ್ಲ ಎಂದು ಸಮಾಧಾನಪಡುವಂತಿಲ್ಲ. ಒಳಹೊಕ್ಕ ಗಾಳಿಯ ತೇವಕ್ಕೆ ಮೀಥೈಲ್ ಫಾರ್ಮೇಟ್ ಒಡೆದು ಫಾರ್ಮಿಕ್ ಆಮ್ಲವೂ ಮೆಥನಾಲೂ ಆಗುತ್ತವೆ. ಗಾಳಿಯಂತೂ ದ್ರವವಾಗದೆ ಕಂಡೆನ್ಸರಿನಲ್ಲಿ ಜಾಗ ಹಿಡಿದು ಕೂರುತ್ತದೆ. ಆಗ ಯೂನಿಟ್ ವಿಪರೀತ ಬಿಸಿಯಾಗುತ್ತದೆ, ವ್ಯಾಟ್ ಏರುತ್ತದೆ, ತಣ್ಣಗಾಗುವುದು ಮಾತ್ರ ಅರ್ಧಂಬರ್ಧ. ಇನ್ನೊಂದು ಮಾತು, ಇದು ಹತ್ತಿಕೊಳ್ಳುವ ವಸ್ತು. ಮೊದಲ ಫ್ರಿಜ್ ಕೊಳ್ಳುವವರಿಗೆ ನನ್ನ ಸಲಹೆ ಡಿಆರ್ ಅಥವಾ ಸಿಕೆ. ಘಾಟು ಜಾಸ್ತಿ, ಮೋಸ ಕಡಿಮೆ.

ಅದೇ ಕಾಲದ ಬೇರೆ ಫ್ರಿಜ್‌ಗಳ ಬಗ್ಗೆ ಎರಡೇ ಎಚ್ಚರಿಕೆ. ಮೀಥೈಲ್ ಕ್ಲೋರೈಡ್ ಎಂದು ಬರೆದಿದ್ದರೆ ದೂರ ಉಳಿಯಿರಿ. ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ವಿಷ, ಜೊತೆಗೆ ಉರಿಯುತ್ತದೆ. ಅಲ್ಯೂಮಿನಿಯಂ ತಾಗಿದರೆ ಗಾಳಿಗೆ ಬಂದೊಡನೆ ತಾನೇ ಹೊತ್ತಿಕೊಳ್ಳುವ ವಸ್ತು ಹುಟ್ಟುತ್ತದೆ. ಇನ್ನು ಸರ್ವೆಲ್ ಕಂಪನಿಯ ಗ್ಯಾಸ್ ಉರಿಯ ಫ್ರಿಜ್‌ಗಳು: 1933ರಿಂದ 1957ರ ನಡುವೆ ತಯಾರಾದವುಗಳ ಬರ್ನರ್ ಕೊಳೆಯಾದರೆ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ, ಸಾವುಗಳಾಗಿವೆ, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವೇ ಎಚ್ಚರಿಕೆ ಹೊರಡಿಸಿದೆ. ನೋಡಲು ಇಟ್ಟುಕೊಳ್ಳಿ, ಮನೆಯೊಳಗೆ ಹಚ್ಚಬೇಡಿ.

ಈಗ ಸಾಗಾಟ. ಹೆಚ್ಚಿನ ಮಾನಿಟರ್ ಟಾಪ್‌ಗಳು ಹಾಳಾಗುವುದು ಇಲ್ಲೇ.

ಭಾರವೆಲ್ಲ ತಲೆಯ ಮೇಲಿದೆ, ಕೆಳಗೆ ತೆಳ್ಳನೆಯ ನಾಲ್ಕು ಕಾಲು. ಒಂದಿಷ್ಟು ವಾಲಿದರೆ ಬೀಳುವುದು ಖಚಿತ. ಮಲಗಿಸಿದರೆ ಎರಡು ಅನಾಹುತ: ಕಂಪ್ರೆಸರಿನ ತಳದ ಎಣ್ಣೆ ಹರಿದು ಕಂಡೆನ್ಸರಿಗೋ ಕೂಲಿಂಗ್ ಕಾಯಿಲಿಗೋ ಸೇರುತ್ತದೆ, ಮತ್ತು ಯಂತ್ರದ ಭಾರ ಎಂದೂ ಹೊರದ ಕಡೆಗೆ ವಾಲಿ ಅದನ್ನು ಹಿಡಿದ ಭಾಗಗಳು ಜಗ್ಗುತ್ತವೆ. ಹ್ಯಾಂಡ್ ಟ್ರಕ್ಕಿನಲ್ಲಿ ಮೆಟ್ಟಿಲಿಳಿಸುವಷ್ಟು ಹೊತ್ತು ವಾಲಿಸಿದರೆ ಚಿಂತೆಯಿಲ್ಲ. ಪಿಕಪ್ ಗಾಡಿಯ ಹಿಂದೆ ಮಲಗಿಸಿ ಇನ್ನೂರು ಮೈಲಿ ಓಡಿಸಿದರೆ ಚಿಂತೆಯಿದೆ. ಕೆಲವು ಯೂನಿಟ್‌ಗಳಲ್ಲಿ ಸಾಗಾಟಕ್ಕೆಂದೇ ಬಿಗಿಯುವ ಬೋಲ್ಟ್‌ಗಳಿರುತ್ತವೆ. ಇದ್ದರೆ ಹೊರಡುವ ಮೊದಲು ಬಿಗಿಯಿರಿ, ತಲುಪಿದ ಮೇಲೆ ಸಡಿಲಿಸಲು ಮರೆಯಬೇಡಿ. ಬಿಗಿದೇ ಚಾಲೂ ಮಾಡಿದರೆ ಮನೆಯೆಲ್ಲ ಗುಡುಗುಡು.

ಕ್ರೇಟ್ ಕಟ್ಟುವ ರೀತಿ ಹೀಗಿರಲಿ. 40×48 ಇಂಚಿನ ಗಟ್ಟಿ ಪ್ಯಾಲೆಟ್ಟಿನ ಮೇಲೆ ಎರಡು ದಪ್ಪ ಮರದ ತೊಲೆ ಇಟ್ಟು, ಪೆಟ್ಟಿಗೆಯ ತಳ ಆ ತೊಲೆಗಳ ಮೇಲೆ ಕೂರಬೇಕು. ಕಾಲುಗಳು ಪ್ಯಾಲೆಟ್ಟಿಗೆ ತಾಗದೆ ಒಂದು ಬೆರಳಿನಷ್ಟು ಗಾಳಿಯಲ್ಲಿರಲಿ. ಲಾರಿ ಹಳ್ಳಕ್ಕೆ ಇಳಿದಾಗ ಮೊದಲು ಮುರಿಯುವುದು ಕಾಲು, ಅವುಗಳ ಬುಡದಲ್ಲಿ ಬಿರುಕು ಬಿಟ್ಟ ಪೋರ್ಸಿಲಿನ್ ಮತ್ತೆ ಕೂಡುವುದಿಲ್ಲ. ಪಟ್ಟಿಗಳನ್ನು ಪೆಟ್ಟಿಗೆಯ ಮೈಗೆ ಹಾಕಿ, ಮೇಲಿನ ಯಂತ್ರಕ್ಕೆ ಬಿಗಿದು ಎಳೆಯಬೇಡಿ. ಕಪಾಟು, ಐಸ್ ಟ್ರೇ ಎಲ್ಲ ಹೊರತೆಗೆದು ಬೇರೆ ಪೆಟ್ಟಿಗೆಗೆ. ಬಾಗಿಲಿಗೆ ಟೇಪ್ ಅಂಟಿಸಿದರೆ ತೆಗೆಯುವಾಗ ಬಣ್ಣವೂ ಕಿತ್ತು ಬರುತ್ತದೆ, ಹಳೆಯ ಕಂಬಳಿ ಸುತ್ತಿ ಅದರ ಮೇಲೆ ಪಟ್ಟಿ ಬಿಗಿಯಿರಿ. ಕ್ರೇಟಿನ ನಾಲ್ಕೂ ಮೈಗೆ ವಾಲಿದರೆ ಕೆಂಪಾಗುವ ಸ್ಟಿಕರ್ ಅಂಟಿಸಿ. ಡ್ರೈವರ್ ಮಲಗಿಸಿದನೋ ಇಲ್ಲವೋ ಎಂಬ ವಾದಕ್ಕೆ ಅದೊಂದೇ ಸಾಕ್ಷಿ. ಮೇಲೆ ರಟ್ಟಿನ ಶಂಕು ಕೂರಿಸಿದರೆ ಅದರ ಮೇಲೆ ಬೇರೆ ಸರಕು ಪೇರಿಸುವುದಿಲ್ಲ. ಬಳಸಿದ ಹಳೆಯ ವಸ್ತುಗಳಿಗೆ ಅಮೆರಿಕದ ಸರಕು ಕಂಪನಿಗಳು ಕೊಡುವ ನಷ್ಟಪರಿಹಾರ ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ, ಪೌಂಡಿಗೆ ಇಷ್ಟು ಸೆಂಟು ಎಂದು. ಬೇರೆ ವಿಮೆ ಬೇಕಾದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಕಡಲು ದಾಟಿಸಿ ಭಾರತಕ್ಕೆ ತರುವವರ ಕಷ್ಟ ಬೇರೆ. ಸಲ್ಫರ್ ಡೈಆಕ್ಸೈಡ್ ಅಂತಾರಾಷ್ಟ್ರೀಯ ಅಪಾಯಕಾರಿ ಸರಕು ಪಟ್ಟಿಯಲ್ಲಿ ಯುಎನ್ 1079, ವರ್ಗ 2.3, ಅಂದರೆ ವಿಷಾನಿಲ. ಮೀಥೈಲ್ ಫಾರ್ಮೇಟ್ ಯುಎನ್ 1243, ಹತ್ತಿಕೊಳ್ಳುವ ದ್ರವ. ವಿಮಾನದ ಆಸೆ ಬಿಡಿ. ಹಡಗಿನಲ್ಲೂ ‘ಹಳೆಯ ಫ್ರಿಜ್’ ಎಂದಷ್ಟೇ ಬರೆದು ಕಳಿಸಬಾರದು. ಒಳಗೇನಿದೆ ಎಂದು ಘೋಷಿಸಬೇಕು. ಕ್ರೇಟಿನ ಮರಕ್ಕೆ ಐಎಸ್‌ಪಿಎಂ 15 (ಮರದ ಮೂಲಕ ಕೀಟ ಹರಡದಂತೆ ತಡೆಯುವ ಅಂತಾರಾಷ್ಟ್ರೀಯ ನಿಯಮ) ಮುದ್ರೆ ಬೇಕು, ಎಂದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಬಳಸಿದ ಗೃಹೋಪಯೋಗಿ ವಸ್ತುಗಳ ಆಮದು ಇಲ್ಲಿ ನಿರ್ಬಂಧಿತ ವರ್ಗದಲ್ಲಿ ಬರುತ್ತದೆ. ನೂರು ವರ್ಷ ದಾಟಿದ್ದು ಮಾತ್ರ ಕಸ್ಟಮ್ಸ್ ಸುಂಕಪಟ್ಟಿಯಲ್ಲಿ ಪುರಾತನ ವಸ್ತು, ಮೊದಲ ಮಾನಿಟರ್ ಟಾಪ್‌ಗಳಿಗೆ ನೂರು ತುಂಬುವುದು 2027ಕ್ಕೆ. ಫ್ರಿಜ್ ಕೊಂಡ ಮೇಲಲ್ಲ, ಕೊಳ್ಳುವ ಮೊದಲೇ ಕಸ್ಟಮ್ಸ್ ಏಜೆಂಟರ ಹತ್ತಿರ ಕೂತು ಮಾತಾಡಿ.

ತಂದಾಯಿತು. ಈಗ ಪ್ಲಗ್ ಚುಚ್ಚುವ ಆತುರ ಯಾರಿಗೆ ಇಲ್ಲ? ತಡೆಯಿರಿ. ನೇರವಾಗಿ ನಿಲ್ಲಿಸಿ ಕನಿಷ್ಠ ಒಂದು ದಿನ, ಮಲಗಿಸಿದ್ದರು ಎಂಬ ಅನುಮಾನವಿದ್ದರೆ ಮೂರ್ನಾಲ್ಕು ದಿನ ಬಿಡಿ. ಎಣ್ಣೆ ದಪ್ಪ, ಸಣ್ಣ ಕೊಳವೆಗಳಿಂದ ಇಳಿದುಬರಲು ಹೊತ್ತು ಬೇಕು.

ಆ ದಿನಗಳಲ್ಲಿ ವೈರಿಂಗ್ ನೋಡಿ. ಬಟ್ಟೆ ಸುತ್ತಿದ ರಬ್ಬರ್ ವೈರನ್ನು ಬೆರಳಲ್ಲಿ ಬಗ್ಗಿಸಿದರೆ ಒಣಗಿದ ಚಕ್ಕುಲಿಯಂತೆ ಪುಡಿಯಾಗುತ್ತದೆ. ಎಲ್ಲವನ್ನೂ ತೆಗೆದು ಮೂರು ತಂತಿಯ ಹೊಸ ಕಾರ್ಡ್ ಹಾಕಿ, ಮೂರನೆಯದನ್ನು ಪೆಟ್ಟಿಗೆಯ ಲೋಹಕ್ಕೆ ಕೂಡಿಸಿ ಅರ್ತ್ ಮಾಡಿ. ಮೂಲದಲ್ಲಿ ಅರ್ತ್ ಇರಲೇ ಇಲ್ಲ. ಮುಂದೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ಟರ್ಮಿನಲ್‌ಗೂ ಕಂಪ್ರೆಸರಿನ ಮೈಗೂ ನಡುವಿನ ರೋಧ ಅಳೆಯಿರಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಕರೆಂಟ್ ಕೊಡಬೇಡಿ. ಮೂರು ಟರ್ಮಿನಲ್‌ಗಳ ನಡುವಿನ ರೋಧವನ್ನು ಜೋಡಿಜೋಡಿಯಾಗಿ ಅಳೆದರೆ ಅತಿ ಹೆಚ್ಚು ಬಂದದ್ದು ಉಳಿದೆರಡರ ಮೊತ್ತವಾಗಿರಬೇಕು. ಆಗದಿದ್ದರೆ ಸುರುಳಿ ಸುಟ್ಟಿದೆ ಅಥವಾ ತುಂಡಾಗಿದೆ.

ಸ್ಟಾರ್ಟಿಂಗ್ ರಿಲೇಯನ್ನು ಮಾತ್ರ ಹಳೆಯದೆಂಬ ಪ್ರೀತಿಗೆ ಉಳಿಸಿಕೊಳ್ಳಬೇಡಿ. ಮೋಟರ್ ವೇಗ ಹಿಡಿಯುವವರೆಗೆ ಒಂದೆರಡು ಸೆಕೆಂಡಷ್ಟೇ ಸ್ಟಾರ್ಟ್ ಸುರುಳಿಗೆ ಕರೆಂಟ್ ಹೋಗಬೇಕು. ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡು ಅದು ಹತ್ತು ಸೆಕೆಂಡ್ ಉಳಿದರೆ ಸುರುಳಿ ಸುಟ್ಟೇ ಹೋಗಬಹುದು. ಮೋಟರ್ ಇರುವುದು ಬಿಚ್ಚಲಾಗದ ಡಬ್ಬಿಯೊಳಗೆ ಎಂಬುದು ನೆನಪಿರಲಿ. ಹೊಸ ರಿಲೇಯನ್ನೂ ಕರೆಂಟ್ ಮಿತಿಮೀರಿದರೆ ಕಡಿದುಹಾಕುವ ಓವರ್‌ಲೋಡನ್ನೂ ಹಳೆಯ ಕಂಟ್ರೋಲ್ ಬಾಕ್ಸಿನೊಳಗೇ ಅಡಗಿಸಿದರೆ ಹೊರನೋಟಕ್ಕೆ ಏನೂ ಬದಲಾಗದು.

ಭಾರತದಲ್ಲಿ ಓಡಿಸುವವರಿಗೆ ಇನ್ನೊಂದು ಗುಂಡಿ ಕಾದಿದೆ. ಅಮೆರಿಕದ ಯೂನಿಟ್ 115 ವೋಲ್ಟ್, 60 ಹರ್ಟ್ಸ್. ಅಂಗಡಿಯಲ್ಲಿ ಸಿಗುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಮುಟ್ಟುವುದಿಲ್ಲ. ನಮ್ಮ 50 ಹರ್ಟ್ಸ್‌ನಲ್ಲಿ ಪೂರ್ತಿ 115 ವೋಲ್ಟ್ ಕೊಟ್ಟರೆ ಮೋಟರಿನ ಕಬ್ಬಿಣದ ತಿರುಳಿಗೆ ಕಾಂತತೆ ಮಿತಿಮೀರಿ, ಕರೆಂಟ್ ಏರಿ, ಸುಮ್ಮನೆ ಬಿಸಿಯಾಗುತ್ತದೆ. ಲೆಕ್ಕ ಸುಲಭ: 115ನ್ನು 50ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 96. ಡಿಮ್ಮರ್‌ಸ್ಟಾಟ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿ ಇಡುವ ಟ್ರಾನ್ಸ್‌ಫಾರ್ಮರ್) ಹಾಕಿ 96ರಿಂದ 100 ವೋಲ್ಟಿನ ನಡುವೆ ಇಡಿ. ವೇಗ ಆರರಲ್ಲೊಂದು ಪಾಲು ಇಳಿಯುತ್ತದೆ, ತಂಪು ಮಾಡುವ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಚಾಲೂ ಆಗುವ ಕ್ಷಣದ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು, ಆದ್ದರಿಂದ 300 ವಿಎ (ವೋಲ್ಟ್-ಆಂಪಿಯರ್) ಟ್ರಾನ್ಸ್‌ಫಾರ್ಮರ್ ಸಾಲದು, 1500 ವಿಎ ಇರಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಹರಿದ ವಿದ್ಯುತ್ತಿನ ಜನರೇಟರ್‌ಗಳನ್ನು ಕೊಟ್ಟದ್ದೂ ಇದೇ ಜನರಲ್ ಎಲೆಕ್ಟ್ರಿಕ್ ಕಂಪನಿ. ಅಲ್ಲಿಯದು 25 ಸೈಕಲ್, ಈಗಿನ ಮಾತಿನಲ್ಲಿ 25 ಹರ್ಟ್ಸ್. ಹರ್ಟ್ಸ್ ತಾಳೆಯಾಗದ ತಲೆನೋವು ನಮ್ಮ ಸೀಮೆಗೆ ಹೊಸದೇನಲ್ಲ.

ಮೊದಲ ಸಲ ಚಾಲೂ ಮಾಡುವುದು ಕಿಟಕಿ ಬಾಗಿಲು ತೆರೆದ ಜಾಗದಲ್ಲಿ, ಕ್ಲ್ಯಾಂಪ್ ಮೀಟರ್ ಹಾಕಿಕೊಂಡು. ಕರೆಂಟ್ ಮೇಲಕ್ಕೆ ಚಿಮ್ಮಿ, ಎರಡು ಮೂರು ಸೆಕೆಂಡಿನಲ್ಲಿ ನೇಮ್‌ಪ್ಲೇಟಿನ ಆಂಪಿಯರ್ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ತಕ್ಷಣ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ಸರಿಯಾಗಿ ಓಡಿದರೆ ಕೂಲಿಂಗ್ ಕಾಯಿಲನ್ನು ನೋಡುತ್ತಿರಿ. ಅರ್ಧ ಗಂಟೆಯೊಳಗೆ ಮಂಜು ಕಟ್ಟಲು ಶುರುವಾಗಬೇಕು. ಒಂದು ಮೂಲೆಗೆ ಮಾತ್ರ ಮಂಜು ಹಿಡಿದು ಉಳಿದದ್ದು ಬೆಚ್ಚಗೇ ಇದ್ದರೆ ಎರಡೇ ಕಾರಣ: ನಿಜವಾಗಿಯೂ ಗ್ಯಾಸ್ ಕಡಿಮೆ, ಇಲ್ಲವೇ ಫ್ಲೋಟ್ ವಾಲ್ವ್, ಅಂದರೆ ದ್ರವದಲ್ಲಿ ತೇಲುವ ಬುರುಡೆ ಏರಿದಾಗ ದ್ರವವನ್ನು ಕಾಯಿಲಿಗೆ ಬಿಡುವ ಕವಾಟ, ಸಿಕ್ಕಿಹಾಕಿಕೊಂಡಿದೆ. ವರ್ಷಗಟ್ಟಲೆ ನಿಂತವುಗಳಲ್ಲಿ ಎರಡನೆಯದೇ ಹೆಚ್ಚು. ಫ್ಲೋಟ್ ಇರುವ ಭಾಗಕ್ಕೆ ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಕೊಟ್ಟು, ಮರದ ಸುತ್ತಿಗೆಯಿಂದ ತೆಂಗಿನಕಾಯಿ ತಟ್ಟಿ ನೋಡುವಂತೆ ಮೆಲ್ಲಗೆ ತಟ್ಟಿ. ಬಿಟ್ಟುಕೊಂಡರೆ ದ್ರವ ಬುಳಬುಳನೆ ಹರಿಯುವ ಸದ್ದು ಕಿವಿಗೇ ಕೇಳುತ್ತದೆ. ಒಂದೇ ದಿನಕ್ಕೆ ಆಗದಿದ್ದರೆ ಒಂದು ವಾರ ದಿನವೂ ಸ್ವಲ್ಪಸ್ವಲ್ಪ ಓಡಿಸಿ ನೋಡಿ. ಬೆಂಕಿಯ ಟಾರ್ಚ್ ಹತ್ತಿರಕ್ಕೂ ಬೇಡ.

ಫ್ಲೋಟ್ ಎಂದಾಗ ಗ್ಯಾಸ್ ಬದಲಿಸುವವರಿಗೆ ಒಂದು ಮಾತು. ‘ಹಳೇ ವಿಷ ತೆಗೆದು ಈಚಿನ ಫ್ರಿಜ್ ಗ್ಯಾಸ್ 134ಎ ಹಾಕೋಣ’ ಎನ್ನುವವರಿದ್ದಾರೆ. 30 ಡಿಗ್ರಿಯಲ್ಲಿ ಸಲ್ಫರ್ ಡೈಆಕ್ಸೈಡಿನ ಒತ್ತಡ ಸುಮಾರು 4.6 ಬಾರ್, ಆರ್ 134ಎ ಒತ್ತಡ 7.7 ಬಾರ್. ತೊಂಬತ್ತು ವರ್ಷದ ಬೆಸುಗೆಯ ಮೇಲೆ ಆ ಹೊರೆ ಬೇಕೇ? ಮೇಲಾಗಿ ಅದು ಒಳಗಿರುವ ಖನಿಜ ಎಣ್ಣೆಯೊಂದಿಗೆ ಬೆರೆಯುವುದಿಲ್ಲ. ಒತ್ತಡದ ಮಟ್ಟಿಗೆ ಇಂದಿನ ಫ್ರಿಜ್‌ಗಳ ಆರ್ 600ಎ ಹೆಚ್ಚುಕಮ್ಮಿ ಹೊಂದುತ್ತದೆ. ಆದರೆ ಸಲ್ಫರ್ ಡೈಆಕ್ಸೈಡ್ ದ್ರವ ನೀರಿಗಿಂತ ಭಾರ, ಲೀಟರಿಗೆ ಸುಮಾರು 1.4 ಕೆಜಿ. ಆರ್ 600ಎ ಲೀಟರಿಗೆ ಅರ್ಧ ಕೆಜಿಯ ಆಸುಪಾಸು. ಭಾರದ ದ್ರವದಲ್ಲಿ ತೇಲಲೆಂದು ಮಾಡಿದ ಫ್ಲೋಟ್ ಹಗುರ ದ್ರವದಲ್ಲಿ ಮುಳುಗಿ ಕೂರುತ್ತದೆ, ವಾಲ್ವ್ ತೆರೆಯುವುದೇ ಇಲ್ಲ. ಬಾವಿಗೆ ಬಿಟ್ಟ ಸೋರೆಬುರುಡೆಗೂ ಕಲ್ಲಿಗೂ ಇರುವ ವ್ಯತ್ಯಾಸ. ಪೈಪ್ ತೆರೆದಾಗ ಒಳಹೋಗುವ ಒಂದು ಹನಿ ತೇವವೂ ಉಳಿದ ಸಲ್ಫರ್ ಡೈಆಕ್ಸೈಡಿಗೆ ಬೆರೆತು ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆ.

ಯಂತ್ರ ಚೆನ್ನಾಗಿದ್ದೂ ಫ್ರಿಜ್ ನಿಲ್ಲದೆ ಓಡುತ್ತಿದ್ದರೆ ತಪ್ಪು ಬಾಗಿಲಿನದು. ಇವುಗಳಲ್ಲಿ ಅಯಸ್ಕಾಂತದ ಗ್ಯಾಸ್ಕೆಟ್ ಇಲ್ಲ, ಚಿಲಕ ಬಾಗಿಲನ್ನು ಎಳೆದು ರಬ್ಬರನ್ನು ಒತ್ತುತ್ತದೆ. ಎಷ್ಟು ದಪ್ಪದ ರಬ್ಬರ್ ಬೇಕೆಂದು ಊಹೆಯಿಂದ ತರಿಸಬೇಡಿ. ಹಳೆಯ ಗ್ಯಾಸ್ಕೆಟ್ ತೆಗೆದು, ಮಕ್ಕಳ ಬಣ್ಣದ ಜೇಡಿಯನ್ನು ಗೋಲಿಯಷ್ಟು ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬಾಗಿಲಿನ ಅಂಚಿನ ಎಂಟು ಕಡೆ ಅಂಟಿಸಿ. ಬಾಗಿಲು ಹಾಕಿ ಚಿಲಕ ಬೀಳಿಸಿ, ತೆಗೆಯಿರಿ. ಚಪ್ಪಟೆಯಾದ ಉಂಡೆಗಳ ದಪ್ಪವನ್ನು ವರ್ನಿಯರಿನಲ್ಲಿ ಅಳೆದರೆ ಎಲ್ಲಿ ಎಷ್ಟು ಸಂದಿಯಿದೆ ಎಂದು ತಿಳಿಯುತ್ತದೆ. ಮೇಲೆ 9 ಮಿಮೀ, ಕೆಳಗೆ 13 ಬಂದರೆ ಬಾಗಿಲು ಜೋತಿದೆ, ಮೊದಲು ಕೀಲಿನ ಕೆಳಗೆ ತೆಳು ತಗಡು ಕೊಟ್ಟು ಸರಿಮಾಡಿ. ರಬ್ಬರಿನ ದಪ್ಪ ಸಂದಿಗಿಂತ 3 ಮಿಮೀ ಹೆಚ್ಚಿರಲಿ, ಟೊಳ್ಳು ಕೊಳವೆಯಾಕಾರದ ಮೆತ್ತನೆಯ ಇಪಿಡಿಎಂ ಎಂಬ ಕೃತಕ ರಬ್ಬರ್ ಒಳ್ಳೆಯದು. ಗಟ್ಟಿ ರಬ್ಬರ್ ಹಾಕಿದರೆ ಚಿಲಕವೇ ಮುರಿಯುತ್ತದೆ. ಆ ಚಿಲಕ ಬೇರೆಲ್ಲೂ ಸಿಗದು. ಹಾಕಿದ ಮೇಲೆ ಹತ್ತು ರೂಪಾಯಿ ನೋಟನ್ನು ಅಂಚಿನುದ್ದಕ್ಕೂ ಸಿಕ್ಕಿಸಿ ಎಳೆದು ನೋಡಿ. ಎಲ್ಲ ಕಡೆ ಒಂದೇ ಬಿಗಿ ಇರಬೇಕು.

ರಬ್ಬರ್ ಸತ್ತು ದಶಕಗಳಾಗಿದ್ದರೆ ಗೋಡೆಯೊಳಗಿನ ಇನ್ಸುಲೇಷನ್ ತೇವ ಕುಡಿದಿರುತ್ತದೆ. ಒಳಪೆಟ್ಟಿಗೆಗೂ ಹೊರಪೆಟ್ಟಿಗೆಗೂ ನಡುವಿನ ಅಂಚುಪಟ್ಟಿಯನ್ನು ಬಿಸಿಗಾಳಿ ಕೊಟ್ಟು ಮೆತ್ತಗೆ ಬಿಡಿಸಿ. ಚಳಿಯಲ್ಲಿ ಎಬ್ಬಿಸಿದರೆ ಬಿಸ್ಕತ್ತಿನಂತೆ ತುಂಡಾಗುತ್ತದೆ. ಒಳಗೆ ಕಾರ್ಕ್ ಇರಬಹುದು, ನಾರಿನ ಹಲಗೆ ಇರಬಹುದು. ಬಿಳಿಯ ನೂಲುನೂಲಾದ ಗುರುತಿಸಲಾಗದ ವಸ್ತು ಕಂಡರೆ ಆಸ್ಬೆಸ್ಟಾಸ್ ಇರಬಹುದೆಂದು ಪರೀಕ್ಷೆ ಮಾಡಿಸುವವರೆಗೆ ಕೆದಕಬೇಡಿ. ಕೊಳೆತದ್ದರ ಬದಲಿಗೆ ರಾಕ್‌ವೂಲ್ ಎಂಬ ಕಲ್ಲಿನ ನಾರಿನ ಉಣ್ಣೆ ತುಂಬಿ. ತೂತು ಕೊರೆದು ಫೋಮ್ ಊದುವುದು ಮಹಾ ತಪ್ಪು. ಉಬ್ಬುವ ಫೋಮ್ ತಗಡನ್ನು ಹೊಟ್ಟೆ ಬರಿಸುತ್ತದೆ, ಆಮೇಲೆ ಯಾರೂ ಏನೂ ಬಿಚ್ಚುವಂತಿಲ್ಲ.

ಹೊರಮೈ ಬಣ್ಣವೋ ಪೋರ್ಸಿಲಿನ್ನೋ ಎಂದು ತಿಳಿಯಲು ಹತ್ತಿಗೆ ಅಸಿಟೋನ್ ತಗುಲಿಸಿ ಕಾಣದ ಮೂಲೆಯಲ್ಲಿ ಉಜ್ಜಿ. ಹತ್ತಿಗೆ ಬಣ್ಣ ಹತ್ತಿದರೆ ಪೇಂಟು. ಹಳೆಯ ಪೇಂಟಿನಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ಒಣಗಿಸಿ ಉಜ್ಜದೆ ನೀರು ಹಾಕಿ ಉಜ್ಜಿ. ಒಳಗಿನ ಪೋರ್ಸಿಲಿನ್‌ಗೆ ಅಡುಗೆ ಸೋಡಾ ಸಾಕು. ಕಲೆ ಕಂಡೊಡನೆ ನಿಂಬೆಹಣ್ಣು, ಹುಣಸೆಹಣ್ಣು ಹಿಡಿಯುವುದು ನಮ್ಮ ಕೈಗೆ ಅಭ್ಯಾಸ. ಆದರೆ ಅಂದಿನ ಎನಾಮೆಲ್ ಹುಳಿ ತಾಳುವುದಿಲ್ಲ, ಹೊಳಪು ಹೋದರೆ ಹೋಯಿತು.

ಸಿದ್ಧವಾದ ಫ್ರಿಜ್ಜಿನೊಳಗೆ ಒಂದು ಲೋಟ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ಬಿಡಿ. ಒಂದು ದಿನದ ನಂತರ 3ರಿಂದ 5 ಡಿಗ್ರಿ ಇರಬೇಕು, ಕಂಪ್ರೆಸರ್ ಅರ್ಧ ಹೊತ್ತಾದರೂ ವಿಶ್ರಾಂತಿ ತೆಗೆದುಕೊಳ್ಳಬೇಕು. ಮಂಜು 6 ಮಿಮೀ ಕಟ್ಟಿದರೆ ಆರಿಸಿ ಕರಗಲು ಬಿಡಿ. ಚಾಕುವಿನಿಂದ ಕೆರೆದು ಕಾಯಿಲ್ ತೂತು ಮಾಡಿದವರ ಫ್ರಿಜ್‌ಗಳೇ ಬಿಡಿಭಾಗಕ್ಕೆಂದು ಮಾರಾಟಕ್ಕೆ ಬರುವುದು.

ಬಳಸದೆ ಗೋದಾಮಿನಲ್ಲೋ ಜಗಲಿಯಲ್ಲೋ ಇಡುವುದಾದರೆ ಅದೇ ದಿನ ಚಿಲಕ ಬಿಚ್ಚಿ. ಒಳಗೆ ಹೊಕ್ಕ ಮಗು ಈ ಬಾಗಿಲನ್ನು ಒಳಗಿನಿಂದ ತೆಗೆಯಲಾರದು, ಕೂಗಿದರೂ ಹೊರಗೆ ಕೇಳದು. ಇಂಥ ಸಾವುಗಳಿಂದಾಗಿಯೇ ಅಮೆರಿಕ 1956ರಲ್ಲಿ ಕಾನೂನು ಮಾಡಿ, 1958ರ ಅಕ್ಟೋಬರ್ ಕೊನೆಯಿಂದ ಒಳಗಿನಿಂದಲೂ ತೆರೆಯುವ ಬಾಗಿಲನ್ನು ಕಡ್ಡಾಯ ಮಾಡಿತು. ಬಿಚ್ಚಿದ ಚಿಲಕವನ್ನೂ ಸ್ಕ್ರೂಗಳನ್ನೂ ಬಟ್ಟೆಯ ಚೀಲಕ್ಕೆ ಹಾಕಿ ಹಿಂದಿನ ಕಾಲಿಗೆ ಕಟ್ಟಿ. ಬಾಗಿಲಿನ ಸಂದಿಗೆ ಮರದ ತುಂಡು ಕೊಡಿ, ಒಳಗೆ ಬೂಷ್ಟೂ ಹಿಡಿಯುವುದಿಲ್ಲ.